ಇನ್ನೊಂದೇ ಮೈಲಿ ಅನ್ನೋ ಸುಳ್ಳು

ನಮ್ಮ ಚಾರಣದ ಬರಹಗಳಲ್ಲಿ ಒಂದು ಮೋಸ ಇದೆ. ಆ ಮೋಸ ನಾನೂ ಮಾಡಿದೀನಿ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. "ಹೆಂಡ್ತಿ ಮಕ್ಕಳ ಜೊತೆ ಇಷ್ಟು ದಿನದಲ್ಲಿ ಇಷ್ಟು ಮೈಲಿ" ಅಂತ ಬರೀತೀವಿ, ಬೆಟ್ಟದ ಮೇಲೆ ನಿಂತು ನಗೋ ಫೋಟೊ ಹಾಕ್ತೀವಿ. ಮೊದಲ ಮೂರು ದಿನ ಏನಾಯ್ತು ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ.

ನನ್ನ ವಾದ ಇಷ್ಟೇ. ಮನೆಯವರ ಜೊತೆ ದೂರದ ನಡಿಗೆಗೆ ಹೊರಟಾಗ ದಿನಕ್ಕಿಷ್ಟು ಮೈಲಿ ಅಂತ ಲೆಕ್ಕ ಹಾಕೋದೇ ತಪ್ಪು. ಆ ಲೆಕ್ಕ ಒಬ್ಬರ ಕಾಲಿನದು, ಹೆಚ್ಚಿನ ಸಲ ಅಪ್ಪನದು. ಉಳಿದವರೆಲ್ಲ ಆ ಕಾಲಿಗೆ ಕಟ್ಟಿದ ಸಾಮಾನು.

ಅಪಲೇಚಿಯನ್ ಟ್ರೇಲ್ ಗೊತ್ತಲ್ಲ? ಅಮೆರಿಕದ ಪೂರ್ವ ಭಾಗದಲ್ಲಿ, ಜಾರ್ಜಿಯಾದಿಂದ ಮೇಯ್ನ್ ತನಕ 14 ರಾಜ್ಯಗಳಲ್ಲಿ ಹಾದು ಹೋಗೋ ಕಾಲುದಾರಿ. ಉದ್ದ ಸುಮಾರು 2,200 ಮೈಲಿ, ಅಂದ್ರೆ 3,500 ಕಿಲೋಮೀಟರಿಗೂ ಹೆಚ್ಚು. ನಾವಿರೋದು ಅಟ್ಲಾಂಟಾ ಹತ್ತಿರ. ಟ್ರೇಲಿನ ದಕ್ಷಿಣದ ತುದಿ ಸ್ಪ್ರಿಂಗರ್ ಮೌಂಟನ್ ನಮಗೆ ಪಕ್ಕದೂರಿದ್ದ ಹಾಗೆ. ಅಲ್ಲಿಂದ ನಾರ್ತ್ ಕೆರೊಲಿನಾದ ಫಾಂಟಾನಾ ಡ್ಯಾಮ್ ತನಕ ಸುಮಾರು 165 ಮೈಲಿ. ಮೇ ಕೊನೆಗೆ ಮಗಳ ಶಾಲೆಗೆ ರಜ. ಹದಿನಾಲ್ಕು ದಿನ, ದಿನಕ್ಕೆ ಹನ್ನೆರಡು ಮೈಲಿ. ಎಕ್ಸೆಲ್ಲಿನಲ್ಲಿ ಎಷ್ಟು ಚೆನ್ನಾಗಿ ಕೂತಿತ್ತು ಅಂತೀರಿ! ಆ ಹಾಳೆಯಲ್ಲಿ ಹೆಂಡತಿಗಾಗಲಿ, ಹನ್ನೆರಡು ವರ್ಷದ ಮಗಳಿಗಾಗಲಿ ಒಂದು ಕಾಲಂ ಕೂಡ ಇರಲಿಲ್ಲ.

ಮೊದಲ ದಿನ ಅಮಿಕಲೋಲಾ ಜಲಪಾತದಿಂದ ಹೊರಟ್ವಿ. ಪಕ್ಕದಲ್ಲೇ 600 ಮೆಟ್ಟಿಲು. ಅದಾದ ಮೇಲೆ ಸ್ಪ್ರಿಂಗರ್ ತುದಿ ಮುಟ್ಟೋಕೆ ದಿನಪೂರ್ತಿ ಏರಿಳಿತ. ತಮಾಷೆ ಏನಪ್ಪಾ ಅಂದ್ರೆ, ಸುಮಾರು ಎಂಟೂವರೆ ಮೈಲಿಯ ಈ ದಾರಿ ಅಸಲಿ ಟ್ರೇಲಿನ ಲೆಕ್ಕಕ್ಕೇ ಬರಲ್ಲ. ಸಂಜೆ ನನ್ನವಳು ಬ್ಯಾಗು ಇಳಿಸಿ ಕೂತಾಗ ನಾನು ಹೇಳಿದ ಮಾತು ಕೇಳಿ: "ಇವತ್ತಿಂದು ಲೆಕ್ಕಕ್ಕಿಲ್ಲ ಕಣೇ, ನಾಳೆಯಿಂದ ಶುರು." ಟ್ರೇಲಿನ ಲೆಕ್ಕಕ್ಕಿಲ್ಲ, ಸರಿ. ಅವಳ ಮಂಡಿಯ ಲೆಕ್ಕಕ್ಕಿತ್ತು.

ಎರಡನೇ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಹಾಕ್ ಮೌಂಟನ್ ಶೆಲ್ಟರ್ ಹತ್ತಿರ, ಎಂಟು ಮೈಲಿಗೇ, "ಇನ್ನು ಆಗಲ್ಲ ರೀ" ಅಂದಳು. ಆಗ ನಾನು ಎಮ್ಮಾ ಗೇಟ್‌ವುಡ್ ಕಥೆ ತೆಗೆದೆ. ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ, 67ನೇ ವಯಸ್ಸಿನಲ್ಲಿ, ಮನೆಯಲ್ಲೇ ಹೊಲಿದ ಚೀಲ ಹೆಗಲಿಗೆ ಹಾಕ್ಕೊಂಡು ಇಡೀ ಟ್ರೇಲು ಒಬ್ಬಳೇ ನಡೆದ ಅಜ್ಜಿ. "ಆ ಅಜ್ಜಿಗೆ ಆಯ್ತು, ನಿನಗೇನು?" ಅಂದೆ.

ನನ್ನವಳು ಬೂಟು ಬಿಚ್ತಾ, ತಲೆ ಎತ್ತದೇ ಹೇಳಿದಳು: "ಆ ಅಜ್ಜಿ ಜೊತೆ ಗಂಡ ಬಂದಿರಲಿಲ್ಲ."

ಅವಳ ಮಾತು ಎಷ್ಟು ನಿಜ ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದು ಓದಿದ ಮೇಲೆ. ಹೊಡೀತಿದ್ದ ಗಂಡನಿಂದ ಬಿಡುಗಡೆ ಪಡೆದು ಎಷ್ಟೋ ವರ್ಷಗಳ ನಂತರ ಆಕೆ ಹೊರಟಿದ್ದು. 1954ರ ಮೊದಲ ಪ್ರಯತ್ನದಲ್ಲಿ ದಾರಿ ತಪ್ಪಿ ವಾಪಸ್ ಬಂದಿದ್ದರು. ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಿರಲಿಲ್ಲ. ಇಂಥ ಹೆಂಗಸಿನ ಹೆಸರನ್ನ ನಾವು ಹೆಂಡತಿಯನ್ನ ಚುಚ್ಚೋಕೆ ಬಳಸ್ತೀವಿ!

ಮೂರನೇ ದಿನಕ್ಕೆ ನಾಲ್ಕು ಮೈಲಿ ಬಾಕಿ ಇತ್ತು. ಬ್ಯಾಂಕಿನ ಕಂತಿನ ಹಾಗೆ ತೀರಿಸಲೇಬೇಕು ಅಂತ ಬೆಳಗಾಗ್ತಿದ್ದ ಹಾಗೇ ಎಬ್ಬಿಸಿದೆ. ಸ್ಯಾಸಫ್ರಾಸ್ ಮೌಂಟನ್ ಏರು, ಸೆಕೆ. ಮಗಳು ಮಾತಾಡದೇ ಬರ್ತಿದ್ದಳು. ಎಂಥಾ ಗಟ್ಟಿ ಹುಡುಗಿ ಅಂತ ನನಗೆ ಒಳಗೊಳಗೇ ಹೆಮ್ಮೆ. "ಇನ್ನೊಂದೇ ಮೈಲಿ ಪುಟ್ಟಿ" ಅಂತ ಮೂರು ಸಲ ಹೇಳಿದ್ದೆ. ನಾಲ್ಕನೇ ಸಲ ತಿರುಗಿ ನೋಡಿದ್ರೆ ಮರ ಹಿಡ್ಕೊಂಡು ವಾಂತಿ ಮಾಡ್ತಿದ್ದಾಳೆ. ಮುಖ ಕೆಂಪಗೆ, ಕೈ ನಡುಗ್ತಿದೆ. ಬೆಳಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟ್ಲಿ ಹೆಚ್ಚುಕಮ್ಮಿ ಹಾಗೇ ಇತ್ತು.

"ಯಾಕೆ ಕುಡೀಲಿಲ್ಲ?"

"ನೀರು ಕುಡಿದ್ರೆ ಸೂಸೂಗೆ ನಿಲ್ಬೇಕು. ನಿಂತ್ರೆ ನೀನು ವಾಚ್ ನೋಡ್ತೀಯ."

ನನಗೆ ಹೇಳೋಕೆ ಏನೂ ಉಳಿದಿರಲಿಲ್ಲ.

ನೆರಳಲ್ಲಿ ಮಲಗಿಸಿ, ಉಪ್ಪು ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದ್ವಿ. ಎರಡು ಮೂರು ಗಂಟೆ ಬೇಕಾಯ್ತು. ಅವಳು ಎದ್ದು ಕೂತು ಅವಲಕ್ಕಿ ಕೇಳಿದಾಗ ಅವಳಮ್ಮ ಅತ್ತಳು. ನಾನು ವಾಚ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಆ ರಾತ್ರಿ ಜಸ್ಟಸ್ ಕ್ರೀಕ್ ಅನ್ನೋ ತೊರೆ ಪಕ್ಕ ಟೆಂಟು.

ಈಗ ನೀವು ಕೇಳ್ತೀರಿ, ಗೊತ್ತು. "ಪ್ಲಾನ್ ಇಲ್ದೇ ಹೋದ್ರೆ ಊಟ ಮುಗಿದು ಹೋಗಲ್ವಾ?" ನ್ಯಾಯವಾದ ಪ್ರಶ್ನೆ. ಪ್ಲಾನ್ ಬೇಡ ಅಂತ ನಾನು ಹೇಳ್ತಿಲ್ಲ. ರಸ್ತೆ ಎಲ್ಲಿ ಸಿಗುತ್ತೆ, ನೀರೆಲ್ಲಿ, ಅಂಗಡಿ ಎಲ್ಲಿ ಅಂತ ಪ್ಲಾನ್ ಮಾಡಿ, ಊಟ ಎರಡು ದಿನದ್ದು ಹೆಚ್ಚಿಗೆ ಇಟ್ಕೊಳ್ಳಿ. ಮೊದಲ ಮೂರು ದಿನ ಎಲ್ಲರಿಗಿಂತ ನಿಧಾನ ನಡೆಯೋರು ಮುಂದಿರಲಿ. ನಿಲ್ಲೋದು ಎಲ್ಲಿ ಅಂತ ಅವರೇ ಹೇಳಲಿ. ಹೊಸ ಬೂಟಿಗೆ, ಹೆಗಲಿಗೆ, ಹೊಟ್ಟೆಗೆ ಹೊಂದಿಕೊಳ್ಳೋಕೆ ಅಷ್ಟು ದಿನ ಬೇಕೇ ಬೇಕು. ಸ್ಪ್ರಿಂಗರಿನಿಂದ 31 ಮೈಲಿಯಲ್ಲಿ ನೀಲ್ ಗ್ಯಾಪ್ ಅಂತ ಬರುತ್ತೆ. ಅಲ್ಲಿನ ಹಳೇ ಕಲ್ಲುಕಟ್ಟಡದ ಅಂಗಡಿಯಲ್ಲಿ ಹೊಸಬರ ಬ್ಯಾಗು ಬಿಚ್ಚಿಸಿ, ಬೇಡದ್ದನ್ನೆಲ್ಲ ಪಾರ್ಸೆಲ್ ಮಾಡಿ ಮನೆಗೆ ಕಳಿಸೋ ಪದ್ಧತಿಯೇ ಇದೆ. ನಡಿಗೆ ಅಲ್ಲಿಗೇ ಸಾಕು ಅಂತ ಮನೆಗೆ ಹೋಗೋರೂ ಬಹಳ ಜನ. ನಾವು ಎರಡನೇ ಸ್ಟೌ, ದೊಡ್ಡ ಕ್ಯಾಮೆರಾ, ಮುದ್ರಿಸಿಕೊಂಡು ಹೋಗಿದ್ದ ನನ್ನ ಎಕ್ಸೆಲ್ ಹಾಳೆ, ಮೂರನ್ನೂ ಕಳಿಸಿದ್ವಿ :)

ಇನ್ನು, "ಮಕ್ಕಳು ಗಟ್ಟಿಯಾಗಬೇಕು" ಅನ್ನೋರಿಗೆ. ನನ್ನ ಮಗಳು ಆ ಮೂರು ದಿನದಲ್ಲಿ ಕಲಿತಿದ್ದು ಗಟ್ಟಿತನ ಅಲ್ಲ, ಕಷ್ಟ ಮುಚ್ಚಿಡೋದು. ಕಾಡಲ್ಲಿ ಅದಕ್ಕಿಂತ ಅಪಾಯದ ಪಾಠ ಇನ್ನೊಂದಿಲ್ಲ. ಮನೆಯಲ್ಲೂ ಇಲ್ಲ ಅನ್ಸುತ್ತೆ.

ಫಾಂಟಾನಾ ತಲುಪಲಿಲ್ಲ. ಹನ್ನೊಂದನೇ ದಿನ ಯೂನಿಕಾಯ್ ಗ್ಯಾಪ್ ರಸ್ತೆಗೆ ಬಂದು ಸಾಕು ಅಂದ್ವಿ. 53 ಮೈಲಿ. ಕೊನೇ ಐದು ದಿನ ಮಗಳೇ ಮುಂದೆ, ನಾನೇ ಹಿಂದೆ. ಮೊದಲ ಮೂರು ದಿನದಲ್ಲಿ ಅವಳಾಡದ ಮಾತೆಲ್ಲ ಆ ಐದು ದಿನದಲ್ಲಿ ಆಡಿದಳು.

ನೀವೂ ಮನೆಯವರನ್ನ ಕರ್ಕೊಂಡು ಹೋಗಿ ಬಂದಿದ್ರೆ, ಮುಂದಿನ ಸಲ ಮೈಲಿ ಬದಲು ಯಾರು ಎಲ್ಲಿ ಅತ್ತರು ಅಂತ ಬರೀರಿ. ಏನಂತೀರಿ?