‘ಡಿಪೋಸ್’ ಎಂಬ ಕ್ರಿಯಾಪದ
ಕೊಡಗಿನ ಇತಿಹಾಸ ಬರೆಯುವವರು ‘1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದನು’ ಎನ್ನುವುದುಂಟು. ಹಣ್ಣು ತಾನಾಗಿ ತೊಟ್ಟು ಕಳಚಿ ಬಿದ್ದಂತೆ! ಇಂಗ್ಲಿಷಿನ ‘ಡಿಪೋಸ್’ ಈ ಅರ್ಥದಲ್ಲಿ ಸಕರ್ಮಕ ಧಾತು. ಇಳಿದವನಿದ್ದರೆ ಇಳಿಸಿದವನೂ ಇರಲೇಬೇಕು. ಇಳಿಸಿದುದು ಈಸ್ಟ್ ಇಂಡಿಯಾ ಕಂಪೆನಿ. ಆದುದರಿಂದ ‘ಕಂಪೆನಿಯು ಅರಸನನ್ನು ಪದಚ್ಯುತಗೊಳಿಸಿತು’ ಎಂಬುದೇ ಸಾಧು. ಅರಸನ ದುರಾಡಳಿತದ ಮಾತು ಬೇರೆ. ಅದರಿಂದ ವ್ಯಾಕರಣ ಬದಲಾಗದು.

ಇದೇ ಧಾತುವಿಗೆ ನ್ಯಾಯಾಲಯದಲ್ಲಿ ಪ್ರಮಾಣಪೂರ್ವಕವಾಗಿ ಸಾಕ್ಷ್ಯ ನುಡಿಯುವುದೆಂಬ ಅರ್ಥವೂ ಉಂಟು; ಅಲ್ಲಿ ಕರ್ಮಪದವಿಲ್ಲದೆಯೂ ನಡೆಯುತ್ತದೆ. ವಿಚಿತ್ರವೆಂದರೆ, ಕಾಶಿಗೆ ಕಳುಹಿಸಲ್ಪಟ್ಟಿದ್ದ ಆ ಅರಸನೂ ನ್ಯಾಯಾಲಯದ ಮೆಟ್ಟಿಲೇರಿದನು. 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋಗಿ, ಕಂಪೆನಿಯಲ್ಲಿ ತೊಡಗಿಸಿದ್ದ ಮನೆತನದ ಹಣಕ್ಕಾಗಿ ಅದರ ಮೇಲೆಯೇ ದಾವೆ ಹೂಡಿದನು. ಹಣ ಕೈಸೇರಲಿಲ್ಲ, 1859ರಲ್ಲಿ ಅಲ್ಲಿಯೇ ತೀರಿಕೊಂಡನು.