ದಿನಬಳಕೆಗೊಂದು ಕೈದೀಪ

ಆನವಟ್ಟಿಯ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮನೆಗೊಂದು ಸಣ್ಣ ಎಲ್‌ಇಡಿ ಟಾರ್ಚು ಕೊಳ್ಳಬೇಕೆಂದು ಶಿರಾಳಕೊಪ್ಪಕ್ಕೂ ಶಿಕಾರಿಪುರಕ್ಕೂ ಹೋಗಿದ್ದರಂತೆ. ನೂರು ರೂಪಾಯಿಯಿಂದ ಮೂರು ಸಾವಿರದವರೆಗಿನ ಬಗೆಬಗೆಯ ಟಾರ್ಚುಗಳನ್ನು ಕಂಡು, ಯಾವುದನ್ನು ಆರಿಸಬೇಕೆಂದು ತಿಳಿಯದೆ ಬರಿಗೈಯಲ್ಲಿ ಮರಳಿದರಂತೆ. ಈ ಅಂಕಣದಲ್ಲಿ ಆ ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ಅವರ ಕೋರಿಕೆ. ಮಠದಲ್ಲಿ ವ್ಯಾಕರಣ, ತರ್ಕ ಓದಿದವನಿಗೆ ಟಾರ್ಚಿನ ಗೊಡವೆ ಏಕೆಂದು ಕೆಲವರು ನಕ್ಕಾರು. ನಗಲಿ. ಗೃಹಸ್ಥರ ಮನೆಯ ಸಂಗತಿಗಳಿಗೆಂದೇ ಮೀಸಲಾದ ಈ ಪುಟದಲ್ಲಿ ಇದಕ್ಕಿಂತ ತಕ್ಕ ಪ್ರಶ್ನೆ ಬಹಳ ದಿನಗಳಿಂದ ಬಂದಿರಲಿಲ್ಲ.

ಏಕೆಂದರೆ ಶಿಕಾರಿಪುರ, ಸೊರಬ ಸೀಮೆಯ ಒಕ್ಕಲು ಕುಟುಂಬಗಳಲ್ಲಿ ರಾತ್ರಿ ಮನೆಯಿಂದ ಹೊರಗೆ ಹೆಜ್ಜೆಯಿಡದವರು ಅಪರೂಪ. ಪಂಪ್‌ಸೆಟ್ಟಿನ ಮೂರು ಫೇಸಿನ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬಂದರೆ, ಆ ಹೊತ್ತಿಗೇ ಎದ್ದು ತೋಟದ ಸ್ಟಾರ್ಟರ್ ಪೆಟ್ಟಿಗೆಯ ಬಳಿ ಹೋಗಬೇಕು. ಗದ್ದೆಗೆ ನೀರು ತಿರುವಬೇಕು. ಕೊಟ್ಟಿಗೆಯಲ್ಲಿ ಹಸು ನಡುರಾತ್ರಿಯಲ್ಲಿ ಕರು ಹಾಕುವುದೂ ಉಂಟು. ಬಚ್ಚಲು, ಶೌಚಾಲಯ ಹಿತ್ತಲಿನಲ್ಲಿರುವ ಹಳೆಯ ಮನೆಗಳು ಇನ್ನೂ ಸಾಕಷ್ಟಿವೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಬೀದಿದೀಪವೂ ಇಲ್ಲ. ಇಂತಹ ಕತ್ತಲೆಯಲ್ಲಿ ಕಾಲಿಡುವವನ ಎದುರಿಗೆ ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳೂ ತಮ್ಮ ಆಹಾರವನ್ನರಸಿ ಹೊರಟಿರುತ್ತವೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಮೃತಪಟ್ಟರೆಂದು, ಎಂದರೆ ವರ್ಷಕ್ಕೆ ಸರಾಸರಿ 58,000 ಜನರೆಂದು, 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿತು. ಅವುಗಳಲ್ಲಿ ಅರ್ಧದಷ್ಟು ಸಾವುಗಳು ಸಂಭವಿಸಿದ್ದು ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿದ್ದು ಇದೇ ಕಾರಣದಿಂದ. ಆದಕಾರಣ ಟಾರ್ಚಿನ ಆಯ್ಕೆಯೆಂಬುದು ಬರಿಯ ಶೋಕಿಯ ವಿಷಯವಲ್ಲ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವವನ ದೃಷ್ಟಾಂತ ಮತ್ತೆಮತ್ತೆ ಬರುತ್ತದೆ. ಆ ಭ್ರಮೆಯಿಂದ ಯಾರೂ ಸತ್ತುದಿಲ್ಲ. ನಮ್ಮ ಗದ್ದೆಯ ಬದುವಿನ ಮೇಲೆ ನಡೆಯುವುದು ಇದರ ವಿಪರ್ಯಾಸ: ಹಾವನ್ನು ಹಗ್ಗವೆಂದೋ, ನೀರಿನ ಪೈಪೆಂದೋ, ಒಣಗಿದ ಅಡಿಕೆ ಹಾಳೆಯ ಚೂರೆಂದೋ ಬಗೆದು ಮೆಟ್ಟುವುದು. ಟಾರ್ಚು ನಿವಾರಿಸಬೇಕಾದದ್ದು ಈ ಎರಡನೆಯ ಭ್ರಮೆಯನ್ನು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಳೆಯುತ್ತದೆ. ದಿನಬಳಕೆಯ ಟಾರ್ಚು ದೂರದ ತೆಂಗಿನ ತಲೆಯನ್ನು ಬೆಳಗುವುದಕ್ಕಲ್ಲ. ಮುಂದಿನ ನಾಲ್ಕು ಹೆಜ್ಜೆಯನ್ನು ತೋರಿಸುವುದಕ್ಕೆ.

ಅಂಗಡಿಯವರು ಮಾಡುವುದು ಇದರ ತದ್ವಿರುದ್ಧ. ಟಾರ್ಚನ್ನು ಹಚ್ಚಿ ಬೀದಿಯ ಆಚೆಯ ಗೋಡೆಗೆ ಹಿಡಿದು, ಮುಂದಿನ ಗಾಜನ್ನು ಎಳೆದು ಬೆಳಕನ್ನು ಸಣ್ಣ ಚೌಕವಾಗಿ ಮಾಡಿ, 'ನೋಡಿ ಸ್ವಾಮಿ, ಎಷ್ಟು ದೂರ ಹೋಗುತ್ತದೆ' ಎನ್ನುತ್ತಾರೆ. ಮೆಕ್ಕೆಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಹಂದಿ ಕಾಯುವವರಿಗೆ ಅಂತಹ ದೂರದ ಬೆಳಕು ಬೇಕು, ನಿಜ. ಅದು ಬೇರೆ ಟಾರ್ಚು, ಬೇರೆ ಖರ್ಚು. ನಡೆಯುವವನ ಕಾಲ ಬಳಿ ಆ ಚೌಕವು ಒಂದು ಬಿಳಿಯ ಕಲೆಯಂತೆ ಬಿದ್ದು, ಅದರ ಸುತ್ತಲಿನ ಕತ್ತಲೆಯನ್ನು ಇನ್ನಷ್ಟು ದಟ್ಟವಾಗಿಸುತ್ತದೆ. ಹಾವು ಇರುವುದು ಆ ಕತ್ತಲೆಯಲ್ಲಿಯೇ. ನಡುವೆ ತುಸು ಪ್ರಖರವಾಗಿದ್ದು, ಸುತ್ತಲೂ ಅಗಲವಾಗಿ ಚೆಲ್ಲುವ ಬೆಳಕು ನಮಗೆ ಬೇಕಾದದ್ದು. ಇದನ್ನು ಪರೀಕ್ಷಿಸುವುದು ಸುಲಭ. ಅಂಗಡಿಯ ಒಳಗಿನ ಕತ್ತಲೆ ಮೂಲೆಗೆ ಹೋಗಿ, ಟಾರ್ಚನ್ನು ಸೊಂಟದ ಎತ್ತರದಲ್ಲಿ ಹಿಡಿದು ನೆಲಕ್ಕೆ ಬಿಡಿ. ಎರಡು ಕಾಲುಗಳ ಎಡಬಲಗಳು ಕಾಣುತ್ತವೆಯೇ ಎಂದು ನೋಡಿ.

ಬೆಳಕಿನ ಪ್ರಮಾಣವನ್ನು ಲುಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೇಣದ ಬತ್ತಿ ಸುಮಾರು 12 ಲುಮೆನ್ ಬೆಳಕು ಕೊಡುತ್ತದೆ. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು 900ರ ಆಸುಪಾಸು. 1970ರ ದಶಕದಲ್ಲಿ ನಾವು ಮಠದ ಪಾಠಶಾಲೆಯಲ್ಲಿದ್ದಾಗ ಬೆಳಗಿನ ಜಾವ ಹೂವೆತ್ತಲು ಹೋಗುವವರ ಕೈಗೆ ಕೊಡುತ್ತಿದ್ದ ಎರಡು ದಪ್ಪ ಸೆಲ್ಲಿನ ಟಾರ್ಚು, ತಂತಿಯ ಬಲ್ಬಿನದು, 10ರಿಂದ 20 ಲುಮೆನ್ ಇದ್ದಿರಬೇಕು. ಅಷ್ಟರಲ್ಲಿಯೇ ಕೆಲಸ ನಡೆಯುತ್ತಿತ್ತು. ಇಂದು ನಡೆದಾಡಲು 100ರಿಂದ 200 ಲುಮೆನ್ ಧಾರಾಳವಾಗಿ ಸಾಕು. ನಮ್ಮ ಕಣ್ಣಿನ ಸ್ವಭಾವ ಎಂಥದೆಂದರೆ, ಬೆಳಕು ನಾಲ್ಕು ಪಾಲು ಹೆಚ್ಚಿದರೂ ಅದಕ್ಕೆ ಎರಡು ಪಾಲಿನಷ್ಟೇ ಹೆಚ್ಚಿದಂತೆ ತೋರುತ್ತದೆ. ಅಂಗೈಯಗಲದ ಟಾರ್ಚಿನ ಡಬ್ಬಿಯ ಮೇಲೆ ಒಂದು ಲಕ್ಷ ಲುಮೆನ್ ಎಂದು ಅಚ್ಚಾಗಿದ್ದರೆ, ಅದು ಮನೆಯ ನೂರಕ್ಕೂ ಮಿಕ್ಕಿದ ಬಲ್ಬುಗಳನ್ನು ಒಟ್ಟಿಗೆ ಹಚ್ಚಿದ ಬೆಳಕೆಂದಾಯಿತು. ಅಂತಹ ಡಬ್ಬಿಯನ್ನು ಕೆಳಗಿಟ್ಟು ಮುಂದಿನ ಅಂಗಡಿಗೆ ಹೋಗುವುದು ಲೇಸು. ಈ ಒಂದು ಸಂಖ್ಯೆಯಲ್ಲಿ ಸುಳ್ಳಾಡಿದವನು ಉಳಿದವುಗಳಲ್ಲಿ ನಿಜ ಹೇಳಿರಲಾರ.

ಸೆಲ್ಲಿನ ವಿಚಾರ ತುಸು ವಿಸ್ತಾರವಾಗಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ 'ಬ್ಯಾಟರಿ' ಎನ್ನುವ ರೂಢಿಯುಂಟು. 'ಬ್ಯಾಟರಿಗೆ ಸೆಲ್ ಹಾಕು' ಎಂಬ ಮಾತು ಕೇಳಿ ಪೇಟೆಯ ಅಳಿಯಂದಿರು ಗಲಿಬಿಲಿಗೊಳ್ಳುವುದನ್ನು ಕಂಡಿದ್ದೇನೆ. ಈಗ ದೊರೆಯುವ ಟಾರ್ಚುಗಳನ್ನು ಸೆಲ್ಲಿನ ದೃಷ್ಟಿಯಿಂದ ನೋಡಿದರೆ ಮುಖ್ಯವಾಗಿ ಮೂರು ಕುಲದವು. ಹಿಂಬದಿಯಲ್ಲಿ ಪಿನ್ನುಗಳಿದ್ದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಟಾರ್ಚುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಸೀಸ-ಆಮ್ಲದ ಪುಟ್ಟ ಬ್ಯಾಟರಿ. ಇದನ್ನು ಖಾಲಿಯಾದ ಮೇಲೆ ಹಾಗೆಯೇ ಒಂದೆರಡು ತಿಂಗಳು ಮೂಲೆಯಲ್ಲಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ, ಮತ್ತೆ ಚಾರ್ಜು ಹಿಡಿಯುವುದಿಲ್ಲ. ರಾತ್ರಿಯಿಡೀ ಸಾಕೆಟ್ಟಿನಲ್ಲಿಯೇ ಬಿಟ್ಟರೂ ಕೆಡುತ್ತದೆ. ಬೇಸಿಗೆಯಲ್ಲಿ ಮರೆತು, ಮುಂಗಾರಿನ ಮೊದಲ ಗುಡುಗಿಗೆ ಹುಡುಕುವ ನಮ್ಮ ಅಭ್ಯಾಸಕ್ಕೆ ಇದು ಎಳ್ಳಷ್ಟೂ ಹೊಂದದು. ನಾನಂತೂ ಇದನ್ನು ಯಾರಿಗೂ ಹೇಳಲಾರೆ.

ಎರಡನೆಯದು ಲಿಥಿಯಂ ಸೆಲ್ಲಿನದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ, 18650 ಎಂದು ಕರೆಯುವ ಸೆಲ್ಲು ಇದರಲ್ಲಿ ಬಲು ಪ್ರಚಲಿತ. ಒಳ್ಳೆಯ ಸೆಲ್ಲೊಂದರ ಮೇಲೆ 2600 ಎಂದು ಬರೆದಿದ್ದರೆ, 3.6 ವೋಲ್ಟಿನ ಲೆಕ್ಕದಲ್ಲಿ ಅದರಲ್ಲಿ ಸುಮಾರು 9 ವ್ಯಾಟ್-ಗಂಟೆಯ ಶಕ್ತಿಯಿದೆ. ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವ್ಯಾಟಿಗೆ 100 ಲುಮೆನ್ನಿನಷ್ಟು ಬೆಳಕು ಕೊಡುವುದರಿಂದ, 100 ಲುಮೆನ್ನಿನಲ್ಲಿ ಇಟ್ಟರೆ ಎಂಟೊಂಬತ್ತು ಗಂಟೆ ಉರಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಬಳಸುವ ಮನೆಗೆ ಎರಡು ವಾರ ಸಾಕು. ಆದರೆ ಈ ಸೆಲ್ಲಿನಲ್ಲಿ ನಕಲಿಯ ಹಾವಳಿ ವಿಪರೀತ. ಇಷ್ಟೇ ಗಾತ್ರದ ಅತ್ಯುತ್ತಮ ಸೆಲ್ಲುಗಳು ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. 9900 ಎಂದು ಬರೆದಿದ್ದರೆ ಅದು ಕೇವಲ ಬರಹ. ನಿಜವಾದ ಸೆಲ್ಲು ಸುಮಾರು 45 ಗ್ರಾಮ್ ತೂಗುತ್ತದೆ. ಸೆಲ್ಲು ಹೊರತೆಗೆಯಲು ಬರುವಂತಿದ್ದರೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿ. ಮೂವತ್ತೇ ಗ್ರಾಮ್ ಬಂದರೆ ಮಾತು ಮುಗಿಯಿತು. ಹೀಗೆ ತೂಗುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಅಡಿಕೆಯನ್ನು ಕೊಡುವಾಗ ನಮ್ಮನ್ನು ಯಾರೂ ತೂಗದೆ ಬಿಡುವುದಿಲ್ಲವಷ್ಟೆ. ಚಾರ್ಜು ಮಾಡಲು ಮೊಬೈಲಿನ ಟೈಪ್-ಸಿ ತಂತಿಯೇ ಆಗುವಂತಿರಲಿ, ಆ ರಂಧ್ರಕ್ಕೆ ಬಿಗಿಯಾದ ರಬ್ಬರಿನ ಮುಚ್ಚಳವಿರಲಿ.

ಮೂರನೆಯದು ಪೆನ್ಸಿಲ್ ಸೆಲ್ಲಿನ ಟಾರ್ಚು. ಶಕ್ತಿ ಕಡಿಮೆ, ಒಂದೇ ಸೆಲ್ಲಿನದಾದರೆ 100 ಲುಮೆನ್ನಿನಲ್ಲಿ ಎರಡು ಗಂಟೆಯ ಆಸುಪಾಸು. ಆದರೆ ಆ ಸೆಲ್ಲು ಕುಪ್ಪಗಡ್ಡೆಯ ಕಿರಾಣಿ ಅಂಗಡಿಯಲ್ಲಿಯೂ ಸಿಗುತ್ತದೆ, ಚಂದ್ರಗುತ್ತಿಯ ಜಾತ್ರೆಯಲ್ಲಿಯೂ ಸಿಗುತ್ತದೆ. ಮೂರು ದಿನ ಕರೆಂಟು ಹೋದಾಗ ಚಾರ್ಜಿನ ಟಾರ್ಚುಗಳೆಲ್ಲ ಕಣ್ಣುಮುಚ್ಚಿದರೂ ಇದು ಹೊಸ ಸೆಲ್ಲು ಹಾಕಿದ ಕ್ಷಣದಲ್ಲಿ ಬೆಳಗುತ್ತದೆ. ಮಗ ಬೆಂಗಳೂರಿನಲ್ಲಿದ್ದು, ಊರಿನಲ್ಲಿ ವೃದ್ಧ ತಂದೆತಾಯಿಗಳಷ್ಟೇ ಇರುವ ಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ. ಪುನಃ ಚಾರ್ಜು ಮಾಡಬಹುದಾದ ಪೆನ್ಸಿಲ್ ಸೆಲ್ಲುಗಳೂ ಇವೆ. ನಾಲ್ಕು ಸೆಲ್ಲು, ಒಂದು ಚಾರ್ಜರು ತಂದುಕೊಟ್ಟರೆ ವರ್ಷಗಟ್ಟಲೆ ಬಾಳುತ್ತವೆ.

ಬಣ್ಣದ ಕುರಿತು. ಎಲ್‌ಇಡಿಯ ಬಿಳಿ ಬೆಳಕು ಸ್ವಭಾವತಃ ಬಿಳಿಯದಲ್ಲ. 1990ರ ದಶಕದಲ್ಲಿ ಜಪಾನೀ ವಿಜ್ಞಾನಿಗಳು ಪ್ರಖರವಾದ ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಮೇಲೆ, ಅದರ ಮೇಲೆ ಹಳದಿ ಲೇಪವೊಂದನ್ನು ಬಳಿದು ಬಿಳಿಯ ಬೆಳಕನ್ನು ಪಡೆದರು. ಟಾರ್ಚಿನೊಳಗೆ ಕಾಣುವ ಹಳದಿ ಚುಕ್ಕೆ ಅದೇ. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅಗ್ಗದ ಟಾರ್ಚುಗಳಲ್ಲಿ ನೀಲಿಯ ಛಾಯೆ ಹೆಚ್ಚು. ಅಂತಹ ಬೆಳಕಿನಲ್ಲಿ ಕಂದು, ಕೆಂಪು, ಮಣ್ಣಿನ ಬಣ್ಣಗಳು ಬೂದಿ ಬಡಿದಂತೆ ಒಂದೇ ತೆರನಾಗಿ ಕಾಣುತ್ತವೆ. ತರಗೆಲೆಯ ನಡುವೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲ ಹಗಲಿನಲ್ಲಿಯೇ ಕಣ್ಣಿಗೆ ಬೀಳುವುದು ಕಷ್ಟ. ಆದ್ದರಿಂದ ಅಂಗೈಯ ಮೇಲೆ ಬೆಳಕು ಬಿಟ್ಟು ನೋಡಿ: ಚರ್ಮವು ಹೆಣದಂತೆ ಕಾಣದೆ ಜೀವಂತ ಕೈಯಂತೆ ಕಂಡರೆ ಒಳ್ಳೆಯ ಬೆಳಕು. ಡಬ್ಬಿಯ ಮೇಲೆ 4000ದಿಂದ 5000 ಕೆಲ್ವಿನ್ ಎಂದಿದ್ದರೆ ಸರಿಯಾದೀತು. ಕಾಡಿಗೆ ಸೊಪ್ಪು ಸೌದೆಗೆ ಹೋಗಿ ಬರುವ ಸೊರಬ ಸೀಮೆಯವರಿಗೆ ಇದರಿಂದ ಇನ್ನೊಂದು ಪ್ರಯೋಜನವುಂಟು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಇದೇ ತಾಲ್ಲೂಕಿನದು. ಸಂಜೆ ಬಂದು ಕಾಲು, ಕಂಕುಳು, ಕಿವಿಯ ಹಿಂದೆ ಉಣುಗು ಹತ್ತಿದೆಯೇ ಎಂದು ಹುಡುಕುವಾಗ, ಸಾಸಿವೆಗಿಂತ ಚಿಕ್ಕದಾದ ಆ ಕಂದು ಚುಕ್ಕೆ ನೀಲಿ ಬೆಳಕಿನಲ್ಲಿ ತಪ್ಪಿಸಿಕೊಳ್ಳುತ್ತದೆ.

ಗುಂಡಿಯ ವಿಚಾರದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಒಂದು ಸಲ ಒತ್ತಿದರೆ ಪ್ರಖರ, ಮತ್ತೆ ಒತ್ತಿದರೆ ಮಂದ, ಮೂರನೆಯ ಸಲ ಮಿಂಚಿನಂತೆ ಮಿಣಮಿಣ, ನಾಲ್ಕನೆಯ ಸಲ ಹಡಗಿನವರ ಅಪಾಯದ ಸಂಕೇತ! ಎಪ್ಪತ್ತೈದು ವರ್ಷದ ಅಜ್ಜಿ ನಡುರಾತ್ರಿ ಇದನ್ನು ಆರಿಸಲು ಹೋದರೆ ಮನೆಯೆಲ್ಲ ಮಿಂಚು ಹೊಡೆದಂತಾಗಿ ತಲೆತಿರುಗಿ ಬೀಳುವುದೊಂದು ಬಾಕಿ. ಒತ್ತಿದರೆ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಹೆಚ್ಚೆಂದರೆ ಮಂದವಾದ ಇನ್ನೊಂದು ಬೆಳಕಿರಲಿ. ಆ ಮಂದ ಬೆಳಕು ನಿಜವಾಗಿಯೂ ಉಪಯುಕ್ತ: ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಪ್ರಖರ ಬೆಳಕಿಗೆ ಸಿಕ್ಕರೆ ಮತ್ತೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಪೊರೆ ಬಂದ ಕಣ್ಣುಗಳಿಗಂತೂ ಪ್ರಖರ ಬೆಳಕು ಮಂಜು ಕವಿಸಿದಂತಾಗುತ್ತದೆ. ಮಳೆಗೆ ತಡೆಯಬೇಕಾದರೆ ಐಪಿಎಕ್ಸ್4 ಎಂಬ ಗುರುತು ಸಾಕು. ಕಾಲುವೆಗೆ ಬೀಳಿಸುವ ಕೈಗಳಿಗೆ ಐಪಿಎಕ್ಸ್7.

ಮೊಬೈಲಿನಲ್ಲಿಯೇ ದೀಪವಿದೆಯಲ್ಲ ಎಂದು ಯುವಕರು ಕೇಳುತ್ತಾರೆ. ಮನೆಯೊಳಗೆ ಬಿದ್ದ ಕಿವಿಯೋಲೆ ಹುಡುಕಲು ಅದು ಸಾಕು. ತೋಟಕ್ಕೆ ಸಾಲದು. ಅದರ ಬೆಳಕನ್ನು ಮುಂದಕ್ಕೆ ಕೂಡಿಸಿ ಕಳಿಸುವ ಪ್ರತಿಫಲಕ ಅದರಲ್ಲಿಲ್ಲ. ಒದ್ದೆ ಕೈಯಲ್ಲಿ ಹಿಡಿಯುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಮೊಬೈಲಿನ ಚಾರ್ಜು ಬೇರೊಂದು ಕೆಲಸಕ್ಕೆ ಉಳಿದಿರಬೇಕು. ಹಾವು ಕಚ್ಚಿದವನು ತೋಟದ ನಡುವೆ ಕುಳಿತು 108ಕ್ಕೋ ಮನೆಗೋ ಕರೆ ಮಾಡಬೇಕಾದಾಗ, ದೀಪ ಉರಿಸಿ ಉರಿಸಿ ಆರಿಹೋದ ಮೊಬೈಲು ಏನು ಮಾಡೀತು? ಕರೆ ಮಾಡಿದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿಯವರನ್ನು ಹುಡುಕುವುದು ಯಾವುದನ್ನೂ ಮಾಡದೆ, ಕಾಲನ್ನು ಅಲುಗಾಡಿಸದಂತೆ ಇಟ್ಟು, ವಿಷಹರ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡವಿಲ್ಲದೆ ಒಯ್ಯಬೇಕು.

ಟಾರ್ಚಿಗೂ ಮಿತಿಯುಂಟು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದು ಹೆಚ್ಚು. ಅಲ್ಲಿ ಕಾಯುವುದು ಮಂಚ ಮತ್ತು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ. ಟಾರ್ಚನ್ನು ಹಿಡಿಯುವ ಕ್ರಮದಲ್ಲಿಯೂ ಒಂದು ಯುಕ್ತಿಯಿದೆ. ಹಣೆಗೆ ಕಟ್ಟಿಕೊಳ್ಳುವ ದೀಪ ಕೈಗಳಿಗೆ ಬಿಡುವು ಕೊಡುತ್ತದಾದರೂ, ಕಣ್ಣಿನ ನೇರದಿಂದಲೇ ಬೆಳಕು ಬೀಳುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆ ಅಡಗಿ ನೆಲವೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಿಡಿದರೆ ಸಣ್ಣ ಕಡ್ಡಿಗೂ ಉದ್ದನೆಯ ನೆರಳು ಬೀಳುತ್ತದೆ. ಸುರುಳಿ ಸುತ್ತಿದ್ದು ಯಾವುದು, ಬಿದ್ದ ಹಗ್ಗ ಯಾವುದು ಎಂಬುದು ಆಗ ತಿಳಿಯುತ್ತದೆ. ಇನ್ನೊಂದು ಕೈಯಲ್ಲಿ ಕೋಲು, ಕಾಲಿಗೆ ಬೂಟು.

ಕೊಂಡ ಟಾರ್ಚನ್ನು ಬೀರುವಿನಲ್ಲಿಡಬೇಡಿ. ಹಿತ್ತಲ ಬಾಗಿಲಿನ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿ, ಇನ್ನೊಂದು ಹಿರಿಯರ ದಿಂಬಿನ ಬದಿಯಲ್ಲಿರಲಿ. ಮೂರು ಸಾವಿರದ ಒಂದಕ್ಕಿಂತ ಐದಾರು ನೂರರ ಎರಡು ಮೇಲು. ತಿಂಗಳುಗಟ್ಟಲೆ ಬಳಸದಿದ್ದರೆ ಪೆನ್ಸಿಲ್ ಸೆಲ್ಲುಗಳನ್ನು ಹೊರಗೆ ತೆಗೆದಿಡಿ. ಒಳಗೆ ಸೋರಿದ ಕ್ಷಾರವು ಟಾರ್ಚನ್ನೇ ತಿಂದುಹಾಕುತ್ತದೆ. ಉಬ್ಬಿದ ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಾಕಬಾರದು, ಬಚ್ಚಲ ಒಲೆಗೆ ಹಾಕಲೇಬಾರದು, ಸಿಡಿಯುತ್ತದೆ. ಸತ್ತ ಸೆಲ್ಲುಗಳನ್ನು ಒಣ ಡಬ್ಬಿಯೊಂದರಲ್ಲಿ ಕೂಡಿಟ್ಟು, ಶಿಕಾರಿಪುರಕ್ಕೋ ಶಿವಮೊಗ್ಗಕ್ಕೋ ಹೋಗುವವರ ಕೈಯಲ್ಲಿ ವಿದ್ಯುನ್ಮಾನ ತ್ಯಾಜ್ಯ ಕೊಳ್ಳುವವರಿಗೆ ಕಳಿಸಿಕೊಡಿ.