ಸುರಪುರದ ಗುಡ್ಡ, ಐರ್ಲೆಂಡಿನ ತಂತಿ

ಕಳೆದ ಶ್ರಾವಣದಲ್ಲಿ ಶಹಾಪುರದ ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದಾಗ ಒಳಗಿನ ಕೋಣೆಯಿಂದ ತಂತಿಯ ನಾದವೊಂದು ಕೇಳಿಬಂದಿತು. ಸಿತಾರವಲ್ಲ, ವೀಣೆಯಲ್ಲ, ಆದರೂ ಕಿವಿಗೆ ಪರಕೀಯವೆನಿಸಲಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನು ಗಿಟಾರು ಬಾರಿಸುತ್ತಿದ್ದನು. ತಂದೆಯವರು ಸಂಕೋಚಪಟ್ಟು, "ಶಾಸ್ತ್ರಿಗಳ, ಐರ್ಲೆಂಡ್ ದೇಶದ್ದಂತ್ರಿ ಅದು. ಇದನ್ನೇ ಕಸುಬ ಮಾಡ್ಕೋತೀನಿ ಅಂತಾನ. ಇದರಾಗ ಹೊಟ್ಟಿ ತುಂಬ್ತದೇನ್ರಿ? ನೀವಾದ್ರೂ ಬುದ್ಧಿ ಹೇಳ್ರಿ" ಎಂದರು. ಬುದ್ಧಿ ಹೇಳುವುದಕ್ಕೆ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ನನಗೇ ಅವಶ್ಯವಾಗಿತ್ತು.

ಆ ಸಂಗೀತಕ್ಕೆ ಕೆಲ್ಟಿಕ್ ಎಂದು ಹೆಸರು. ಈ ಶಬ್ದವು ನಮ್ಮ ಸೀಮೆಗೆ ಹೊಸದಲ್ಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ರಾಜನಕೋಳೂರು ಮೊದಲಾದೆಡೆಗಳ ಪ್ರಾಚೀನ ಕಲ್ಗೋರಿಗಳನ್ನು ಕಂಡು, ಇವು ಕೆಲ್ಟಿಕ್ ಜನರ ಸ್ಮಾರಕಗಳನ್ನು ಹೋಲುತ್ತವೆಂದು ಬಗೆದು, ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಪ್ರಬಂಧವನ್ನೇ ಒಪ್ಪಿಸಿದನು. ಅವನ ಊಹೆ ನಿಲ್ಲಲಿಲ್ಲ. ಅವು ಈ ನೆಲದ ಜನರೇ ಕಬ್ಬಿಣಯುಗದಲ್ಲಿ ಕಟ್ಟಿದವು. ಆದರೆ ಅದೇ ಅಕಾಡೆಮಿಯ ಸಂಪುಟದಲ್ಲಿ ಭಾರತೀಯ ವಾದ್ಯಗಳ ಪಟ್ಟಿಯೊಂದಕ್ಕೆ ಆತನು ವಿವರಣೆಯನ್ನೂ ಬರೆದಿದ್ದಾನೆ. ಸುರಪುರದ ಗುಡ್ಡದ ಮೇಲಿದ್ದವನು ನಮ್ಮ ವಾದ್ಯಗಳ ಸಂಗತಿಯನ್ನು ಐರಿಷ್ ಜನರಿಗೆ ಹೇಳಿರುವಾಗ, ಅವರ ತಂತಿಯ ಸಂಗತಿಯನ್ನು ನಾವು ಒಂದಿಷ್ಟು ಕೇಳಿದರೆ ತಪ್ಪೇನು?

ಹುಡುಗನನ್ನು ಕರೆದು ಕೇಳಿದೆನು. ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಕಟ್ಟುವ ಶ್ರುತಿ ಬೇರೆ. ಅವನು ಕಟ್ಟಿದ ಶ್ರುತಿ ಬೇರೆ. ಒಂದೊಂದೇ ತಂತಿಯನ್ನು ಮೀಟಿಸಿ ನೋಡಿದರೆ ಷಡ್ಜ, ಪಂಚಮ, ಷಡ್ಜ, ಮಧ್ಯಮ, ಪಂಚಮ, ಷಡ್ಜ! ತಂಬೂರಿಯ ಪರಿಚಯವುಳ್ಳ ನನ್ನ ಕಿವಿಗೆ ಅದು ಒಗ್ಗಿದ್ದರ ಗುಟ್ಟು ಇದು. ಡೇವಿ ಗ್ರಹಾಂ ಎಂಬ ಇಂಗ್ಲಿಷ್ ವಾದಕನು ಮೊರಾಕೊ ದೇಶದ ತಂತಿವಾದ್ಯಕ್ಕೆ ಹೊಂದಿಸಿಕೊಳ್ಳಲು 1960ರ ದಶಕದ ಆರಂಭದಲ್ಲಿ ಇದನ್ನು ರೂಢಿಗೆ ತಂದನು. ಹೆಬ್ಬೆರಳು ಕೆಳಗಿನ ಷಡ್ಜ ಪಂಚಮಗಳನ್ನು ಹಿಡಿದು ನಡೆಯುತ್ತದೆ. ಉಳಿದ ಬೆರಳುಗಳು ರಾಗವನ್ನು ನುಡಿಸುತ್ತವೆ. ತಂಬೂರಿಯವನೂ ಗಾಯಕನೂ ಒಬ್ಬನೇ.

ಅವನು ನುಡಿಸಿದ ರಚನೆ ಟರ್ಲೋ ಕೆರೊಲನ್ ಎಂಬವನದು. ಈತನು 1670ರಲ್ಲಿ ಹುಟ್ಟಿದವನು. ಹದಿನೆಂಟರ ವಯಸ್ಸಿನಲ್ಲಿ ಸಿಡುಬು ತಗುಲಿ ಎರಡೂ ಕಣ್ಣು ಹೋದವು. ಅವನ ತಂದೆ ದುಡಿಯುತ್ತಿದ್ದ ಮನೆತನದ ಗೃಹಿಣಿ, ಮೆಕ್‌ಡರ್ಮಟ್ ರೋ ಎಂಬಾಕೆ, ಅವನಿಗೆ ಹಾರ್ಪ್ ಎಂಬ ತಂತಿವಾದ್ಯವನ್ನು ಕಲಿಯುವ ಏರ್ಪಾಡು ಮಾಡಿಕೊಟ್ಟಳು. ಮೂರು ವರ್ಷಗಳ ಮೇಲೆ ಒಂದು ಕುದುರೆಯನ್ನೂ ಕೈಹಿಡಿದು ನಡೆಸುವ ಒಬ್ಬ ಆಳನ್ನೂ ಕೊಟ್ಟು ಕಳುಹಿಸಿದಳು. ತಡವಾಗಿ ಕಲಿತುದರಿಂದ ವಾದನದಲ್ಲಿ ಅವನು ಅಷ್ಟು ಗಟ್ಟಿಗನಾಗಿರಲಿಲ್ಲವೆಂದೂ, ರಚನೆ ಮಾಡಲು ಗೃಹಸ್ಥನೊಬ್ಬನು ಸೂಚಿಸಿದನೆಂದೂ ಹೇಳುತ್ತಾರೆ. ಮುಂದೆ ಸುಮಾರು ನಾಲ್ವತ್ತೈದು ವರ್ಷ ಊರೂರು ತಿರುಗಿದನು. ಉಂಡ ಮನೆಯ ಹೆಸರಿನಲ್ಲಿ ಒಂದು ರಚನೆ ಮಾಡಿ ಕೊಡುವುದು ಅವನ ಪದ್ಧತಿ. ಇನ್ನೂರಕ್ಕೂ ಹೆಚ್ಚು ಉಳಿದಿವೆ. ಕಾಯಿಲೆ ಬಿದ್ದಾಗ ಎಲ್ಲಿಗೆ ಹೋದನು? ಆ ತಾಯಿಯ ಮನೆಗೇ ಮರಳಿ ಬಂದು 1738ರಲ್ಲಿ ಅಲ್ಲಿಯೇ ಕಣ್ಮುಚ್ಚಿದನು.

ಓದುಗರಿಗೆ ಇಷ್ಟರಲ್ಲಿಯೇ ಗದಗು ನೆನಪಾಗಿರಬೇಕು. ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕರೊಬ್ಬರ ಕಂಠವನ್ನು ಗುರುತಿಸಿ ವಿದ್ಯೆ ಕೊಡಿಸದೆ ಹೋಗಿದ್ದರೆ ಪಂಚಾಕ್ಷರ ಗವಾಯಿಗಳು ನಮಗೆ ದೊರೆಯುತ್ತಿರಲಿಲ್ಲ. ಅವರೂ ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿದವರೇ. ಆದರೆ ಒಂದು ಭೇದವುಂಟು. ಕೆರೊಲನ್ನನ ಹಿಂದೆ ಪಾಠಶಾಲೆಯಿರಲಿಲ್ಲ. ಹಾರ್ಪ್ ವಾದಕರ ಪರಂಪರೆ ಕ್ಷೀಣಿಸಿ, 1792ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಅಳಿದುಳಿದವರನ್ನು ಕೂಡಿಸಿದಾಗ ಬಂದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಹಲವರು ವೃದ್ಧರು, ಅಂಧರು. ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣನು ಅವರ ಪಕ್ಕದಲ್ಲಿ ಕುಳಿತು ಬರೆದುಕೊಂಡನು. ಇಲ್ಲಿ ಹಾಗಾಗಲಿಲ್ಲ. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಬಸವರಾಜ ರಾಜಗುರುಗಳೂ ವೆಂಕಟೇಶಕುಮಾರರೂ ಆ ಅನ್ನವನ್ನುಂಡವರು. ಭಕ್ತರ ಮನೆಯ ಜೋಳದ ಚೀಲಗಳು ಅಲ್ಲಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಾದ್ಯ ಪರದೇಶದ್ದೆಂಬ ಅಳುಕು ಬೇಡ. ನೆರೆಯ ರಾಯಚೂರಿನ ನರಸಿಂಹಲು ವಡವಾಟಿಯವರು ಸಿದ್ಧರಾಮ ಜಂಬಲದಿನ್ನಿಯವರಲ್ಲಿ ಕಲಿತು ಕ್ಲಾರಿಯೋನೆಟ್ಟಿನಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಲಿಲ್ಲವೇ? ಅತ್ತ ಅಲ್ಜೀರಿಯಾದಲ್ಲಿ ಹುಟ್ಟಿದ ಫ್ರೆಂಚ್ ವಾದಕರು ಪಿಯರ್ ಬೆನ್ಸೂಸಾನ್. ಐರಿಷ್ ರಕ್ತವಿಲ್ಲದ ಅವರು ಇದೇ ಷಡ್ಜ ಪಂಚಮದ ಶ್ರುತಿಯನ್ನು ಹಿಡಿದು 1975ರಲ್ಲಿ, ಇನ್ನೂ ಇಪ್ಪತ್ತು ತುಂಬದಿರುವಾಗಲೇ, ಮೊದಲ ಧ್ವನಿಮುದ್ರಿಕೆಯನ್ನು ತಂದರು. ಆ ಮೇಲೆ ಒಬ್ಬರೇ ಗಿಟಾರು ಹೊತ್ತು ದೇಶದೇಶ ತಿರುಗುವುದು, ಸಣ್ಣ ಸಭೆಗಳಲ್ಲಿ ನುಡಿಸುವುದು, ತಮ್ಮ ಮನೆಯಲ್ಲಿಯೇ ಶಿಷ್ಯರನ್ನಿರಿಸಿಕೊಂಡು ಕಲಿಸುವುದು. ಅವರ ಜೀವನ ನಡೆದದ್ದು ಹೀಗೆ. ಶ್ರೀಮಂತಿಕೆಯ ಮಾರ್ಗವಲ್ಲ, ಉಪವಾಸದ ಮಾರ್ಗವೂ ಅಲ್ಲ.

ಆದರೂ ತಂದೆಯವರ ಭಯ ಸುಳ್ಳೆಂದು ನಾನು ಹೇಳಲಾರೆ. ಮಠದ ಪಾಠಶಾಲೆಯಲ್ಲಿ ನನ್ನೊಡನೆ ಓದಿದವನೊಬ್ಬನು ಸಿತಾರವನ್ನು ಬಹಳ ಚೆನ್ನಾಗಿ ನುಡಿಸುತ್ತಿದ್ದನು. ಊರಿಗೆ ಮರಳಿದ ಮೇಲೆ ಕೇಳುವವರಾರೂ ಇರಲಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಬಿತ್ತನೆಯ ಬೀಜಕ್ಕಾಗಿ ಅದನ್ನು ಮಾರಿದನು. ಆಗ ನಾವು ಹತ್ತು ಜನ ಸಹಪಾಠಿಗಳು ಸುತ್ತಮುತ್ತ ಐದಾರು ಹರಿದಾರಿಯಲ್ಲೇ ಇದ್ದೆವು. ಒಬ್ಬರೂ ಅವನನ್ನು ಕರೆದು ಒಂದು ಸಂಜೆ ನುಡಿಸೆನ್ನಲಿಲ್ಲ. ನಾನೂ ಕರೆಯಲಿಲ್ಲ.

ಹುಡುಗನಿಗೆ ಪದವಿಯನ್ನು ನಡುವೆ ಬಿಡಬೇಡವೆಂದೂ, ಯಾದಗಿರಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ನಮ್ಮ ಸಂಗೀತ ಬಲ್ಲ ಗುರುವೊಬ್ಬರ ಬಳಿ ಸ್ವರಜ್ಞಾನ ಪಡೆಯೆಂದೂ ಹೇಳಿ ಬಂದೆನು. ಮುಂದಿನ ಅಮಾವಾಸ್ಯೆಯ ಶಿವಾನುಭವಗೋಷ್ಠಿಯಲ್ಲಿ ಪ್ರಾರ್ಥನೆಯಾದ ಮೇಲೆ ಅವನಿಗೆ ಹದಿನೈದು ನಿಮಿಷ ಕೊಡಿರೆಂದು ಮಠದವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ತಂದೆಯವರೂ ಬರುತ್ತಾರಂತೆ, ಅಂಗಡಿಯನ್ನು ಅರ್ಧ ತಾಸು ಮೊದಲೇ ಮುಚ್ಚಬೇಕಾಗುತ್ತದೆಂದು ಗೊಣಗುತ್ತ.